ಮರಳುಗಾಡಿಗೆ ಹೋದ ಮೆಡ್ಲೇರಿ ಕಂಬಳಿ

ನಾನು ಒಂದು ಕಂಬಳಿ. ಮೈಯೆಲ್ಲ ಕರಿ, ಎರಡು ಅಂಚಿಗೆ ಬೆರಳಗಲದ ಬಿಳಿ ಪಟ್ಟಿ. ರಾಣೆಬೆನ್ನೂರಿನ ಹತ್ತಿರದ ಮೆಡ್ಲೇರಿಯಲ್ಲಿ, ಹಾಲವ್ವ ಎಂಬಾಕೆಯ ಮನೆಯಲ್ಲಿ ನನ್ನ ಹುಟ್ಟು. ಹಾಲವ್ವ ಕುರಿಯ ಉಣ್ಣೆ ಹಿಂಜಿ ನೂಲು ತೆಗೆದಳು. ಅವಳ ಗಂಡ ನೆಲದ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತು ನನ್ನನ್ನು ನೇಯ್ದ. ನೇಯುವ ಮುಂಚೆ ಎಳೆಗಳಿಗೆಲ್ಲ ಹುಣಸೆ ಬೀಜದ ಗಂಜಿ ಬಳಿದಿದ್ದರು. ಹಾಗಾಗಿ ಹೊಸತರಲ್ಲಿ ನಾನು ಎಷ್ಟು ಬಿರುಸಾಗಿದ್ದೆ ಎಂದರೆ, ಗೋಡೆಗೆ ಒರಗಿಸಿದರೆ ಹಲಗೆಯ ಹಾಗೆ ನಿಂತಿರುತ್ತಿದ್ದೆ. ಹಾಲವ್ವ ನನ್ನ ಅಂಚನ್ನು ಎಳೆದು ನೋಡಿ, "ಗಟ್ಟಿ ಐತಿ. ಯಾರ ಕೈಗೆ ಹೋದ್ರೂ ಬಾಳ್ವಿ ಮಾಡತೈತಿ" ಎಂದಳು. ಹೆಣ್ಣು ಕೊಡುವ ಮನೆಯವರ ಮಾತಿನ ಹಾಗಿತ್ತು ಅದು.

ಸಂತೆಯಲ್ಲಿ ನನ್ನನ್ನು ಕೊಂಡವನು ಮೌಲಾಲಿ ಎಂಬ ಲಾರಿ ಡ್ರೈವರ್. ಬ್ಯಾಡಗಿಯ ಮೆಣಸಿನಕಾಯಿಯನ್ನು ದೂರದೂರಿಗೆ ಸಾಗಿಸುವುದು ಅವನ ಕೆಲಸ. ರಾತ್ರಿ ಲಾರಿಯ ನೆತ್ತಿಯ ಮೇಲೆ, ಮೆಣಸಿನಕಾಯಿ ಚೀಲಗಳ ನಡುವೆ ನನ್ನನ್ನು ಹಾಸಿಕೊಂಡು ಮಲಗುತ್ತಿದ್ದ. ನಾಲ್ಕು ಸುಗ್ಗಿ ಕಳೆಯುವಷ್ಟರಲ್ಲಿ ನನ್ನ ಮೈಗೆಲ್ಲ ಮೆಣಸಿನಕಾಯಿಯ ಘಾಟು ಹತ್ತಿತು. ಮೌಲಾಲಿಗೆ ರೂಢಿಯಾಗಿತ್ತು. ಆದರೆ ಅವನು ನನ್ನನ್ನು ಕೊಡವಿದರೆ ದಾರಿಯಲ್ಲಿ ಹೋಗುವವರು ಸೀನುತ್ತಿದ್ದರು.

ಬ್ಯಾಡಗಿಗೆ ಬಂದಾಗಲೆಲ್ಲ ಮೌಲಾಲಿ ಊಟ ಮಾಡುತ್ತಿದ್ದದ್ದು ಮಾರುಕಟ್ಟೆಯ ಹಿಂದಿನ ಒಂದು ಖಾನಾವಳಿಯಲ್ಲಿ. ಅದನ್ನು ನಡೆಸುತ್ತಿದ್ದವಳು ಸುವರ್ಣಾ ಬಾರ್ಕಿ. ಎತ್ತರದ ಹೆಂಗಸು, ದಪ್ಪ ಮಣಿಕಟ್ಟು, ದೊಡ್ಡ ದನಿ. ಅಪ್ಪ ತೀರಿಕೊಂಡಾಗ ಒಲೆಯ ಮುಂದೆ ಕೂತವಳು ಎದ್ದಿರಲೇ ಇಲ್ಲ. ಇಬ್ಬರು ತಂಗಿಯರ ಮದುವೆ ಆಯಿತು, ತಮ್ಮ ಸೋಮಣ್ಣನದೂ ಆಯಿತು. ಇವಳ ಮದುವೆಯ ಮಾತು ಎತ್ತಲು ಯಾರಿಗೂ ಪುರುಸೊತ್ತಾಗಲಿಲ್ಲ. "ಅಕ್ಕಾ, ಇನ್ನೊಂದು ರೊಟ್ಟಿ", "ಅಕ್ಕಾ, ಪಲ್ಯಾ", "ಅಕ್ಕಾ, ಮಜ್ಜಿಗಿ" ಎಂಬ ಕೂಗು ಆ ಮನೆಯಲ್ಲಿ ದಿನವಿಡೀ. ನಾನು ಬೆಂಚಿನ ಮೇಲೆ ಮಡಿಕೆಯಾಗಿ ಕೂತು ಅದನ್ನೆಲ್ಲ ಕೇಳುತ್ತಿದ್ದೆ.

ಮೌಲಾಲಿಗೆ ವಯಸ್ಸಾಗಿ ಲಾರಿ ಬಿಟ್ಟ ದಿನ ಊಟ ಮುಗಿಸಿ ನನ್ನನ್ನು ಅವಳ ಕೈಗಿಟ್ಟ. "ಅಕ್ಕಾ, ಇನ್ನ ನಾ ಮನ್ಯಾಗ ಮಕ್ಕೊಳ್ಳಾಂವ. ನನ್ನ ಸೊಸಿ ಇದನ್ನ ಒಳಗ ತರಬ್ಯಾಡ ಅಂತಾಳ, ಸೀನು ಬರತಾವಂತ. ನೀವ ಇಟ್ಗೋರಿ."

ಸುವರ್ಣಾ ನನ್ನನ್ನು ಮೂಗಿಗೆ ಹಿಡಿದು ಉಸಿರೆಳೆದಳು. ಸೀನಲಿಲ್ಲ. "ನಮ್ಮ ಮನೀ ವಾಸನೀನ ಐತಲ್ಲ" ಎಂದಳು. ಹಾಗೆ ನಾನು ಅವಳವನಾದೆ.

ಒಂದು ಮಧ್ಯಾಹ್ನ ಊಟಕ್ಕೆ ಬಂದಿದ್ದ ಬ್ಯಾಂಕಿನ ಗುಮಾಸ್ತ ಪತ್ರಿಕೆಯಲ್ಲಿನ ಒಂದು ಸುದ್ದಿಯನ್ನು ಎಲ್ಲರಿಗೂ ಕೇಳುವ ಹಾಗೆ ಓದಿದ. ರಾಜಸ್ಥಾನದ ಮರುಭೂಮಿಯಲ್ಲಿ ಹನ್ನೆರಡು ದಿನ ನಡೆಯುವ ಯಾತ್ರೆಯಂತೆ, ಕರ್ನಾಟಕದ ಒಂದು ನಡಿಗೆ ಸಂಘದವರು ಕರೆದುಕೊಂಡು ಹೋಗುತ್ತಾರಂತೆ, ಅರವತ್ತೈದರೊಳಗಿನ ಯಾರಾದರೂ ಬರಬಹುದಂತೆ. "ಏನ್ ಮಂದಿರೀ ಇವರು! ರೊಕ್ಕಾ ಕೊಟ್ಟು ಉಸುಕಿನ್ಯಾಗ ಅಡ್ಡಾಡೂದು!" ಎಂದು ಅವನು ನಕ್ಕ. ಬೆಂಚಿನುದ್ದಕ್ಕೂ ಎಲ್ಲರೂ ನಕ್ಕರು. ಸುವರ್ಣಾ ಮಾತ್ರ ರೊಟ್ಟಿ ತಟ್ಟುತ್ತಿದ್ದ ಕೈ ನಿಲ್ಲಿಸಿ, "ಅಲ್ಲೆ ಮನಿ ಇರೂದಿಲ್ಲೇನ್ರಿ?" ಎಂದು ಕೇಳಿದಳು.

"ಮನೀ ಇಲ್ಲ, ಮಂದೀ ಇಲ್ಲ. ಏನೂ ಇಲ್ಲ."

"ಅಂದ್ರ ಅಕ್ಕಾ ಅಂತ ಯಾರೂ ಕರಿಯೂದಿಲ್ಲ" ಎಂದು ಅವಳು ತನ್ನಷ್ಟಕ್ಕೆ ಹೇಳಿಕೊಂಡಿದ್ದನ್ನು, ಹಿಂದಿನ ಗೂಟಕ್ಕೆ ನೇತಾಡುತ್ತಿದ್ದ ನಾನೊಬ್ಬನೇ ಕೇಳಿಸಿಕೊಂಡೆ.

ತಾನೂ ಹೋಗುತ್ತೇನೆ ಎಂದು ಅವಳು ಹೇಳಿದ ದಿನ ಸೋಮಣ್ಣ ಸಿಟ್ಟಿನಿಂದ ಕುಣಿದಾಡಿದ. "ಐವತ್ತಾರು ವರ್ಷದಾಕಿ ನೀ! ಹುಚ್ಚು ಹಿಡದೈತೇನಕ್ಕ?"

"ಹಿಡದಿದ್ರ ಹನ್ನೆರಡು ದಿನದಾಗ ಬಿಡತೈತಿ ತಗೋ" ಎಂದಳು. ಎರಡು ತಿಂಗಳು ದಿನಾ ಬೆಳಕು ಹರಿಯುವ ಮುನ್ನ ಎದ್ದು, ಕ್ಯಾನ್ವಾಸ್ ಬೂಟು ಹಾಕಿಕೊಂಡು, ಕಾಗಿನೆಲೆ ರಸ್ತೆಯಲ್ಲಿ ಹೋಗಿ ಬಂದಳು. ಸುಗ್ಗಿ ಶುರುವಾಗುವ ಮುಂಚೆ, ಡಿಸೆಂಬರಿನಲ್ಲಿ ಹೊರಟಳು. ರಾತ್ರಿ ಒಳಗೆ ಹೊಕ್ಕು ಮಲಗುವ ಚೀಲ ಕೊಡುತ್ತೇವೆ ಎಂದು ಸಂಘದವರು ಹೇಳಿದ್ದರೂ, ನನ್ನನ್ನು ಸುರುಳಿ ಸುತ್ತಿ ಬೆನ್ನಚೀಲದ ಮೇಲೆ ಬಿಗಿದುಕೊಂಡಳು.

ಈಗ ನಾನು ಹೇಳಬೇಕಾದ್ದು ಆ ಮೊದಲನೆಯ ದಿನದ ಮಾತು.

ಜೈಸಲ್ಮೇರಿನಿಂದ ಬಹಳ ಆಚೆ, ಡಾಂಬರು ರಸ್ತೆ ಮುಗಿಯುವ ಒಂದು ಹಳ್ಳಿಯಲ್ಲಿ ಬೆಳಿಗ್ಗೆ ಎಲ್ಲರನ್ನೂ ದುಂಡಗೆ ನಿಲ್ಲಿಸಿದರು. ಹತ್ತು ಹನ್ನೆರಡು ಮಂದಿ. ಒಬ್ಬರ ಮುಖ ಒಬ್ಬರು ನೋಡಿದವರಲ್ಲ. ಗುಂಪಿನ ಮುಂದಾಳು ದೇಚಮ್ಮ. ಕೊಡಗಿನವಳು, ನಲವತ್ತರ ಆಸುಪಾಸು, ಸೇನೆಯ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವಳು. ಮಾತು ಕಡ್ಡಿ ಮುರಿದ ಹಾಗೆ.

"ಇವತ್ತು ಪರೀಕ್ಷೆಯ ದಿನ. ಪಡುವಣಕ್ಕೆ ನಡೆಯುತ್ತೇವೆ. ನೀರು, ಡೇರೆ ಒಂಟೆಗಳು ಹೊರುತ್ತವೆ, ನಿಮ್ಮ ಚೀಲ ನೀವು ಹೊರಬೇಕು. ಯಾರೂ ಒಬ್ಬೊಬ್ಬರೇ ನಡೆಯೋ ಹಾಗಿಲ್ಲ. ಸಂಜೆ ಬಿಡಾರಕ್ಕೆ ನೀರಿನ ಜೀಪು ಬರುತ್ತೆ. ಆಗಲ್ಲ ಅನ್ನೋರು ಅದರಲ್ಲಿ ವಾಪಸು. ಆಗಲ್ಲ ಅಂತ ನನಗೆ ಅನ್ನಿಸಿದವರೂ ವಾಪಸು. ನಾಳೆಯಿಂದ ಜೀಪು ಇರಲ್ಲ."

ಆಮೇಲೆ ಒಬ್ಬೊಬ್ಬರೂ ತಮ್ಮ ಪರಿಚಯ ಹೇಳಿದರು. ಮಂಗಳೂರಿನ ಡೆರಿಕ್ ಈಜು ಕಲಿಸುವವನು. ಮೂವತ್ತರ ಹುರಿಯಾಳು. "ನೀರು ನೋಡಿ ನೋಡಿ ಬೇಜಾರಾಯ್ತು ಮಾರಾಯ್ರೆ" ಎಂದು ನಗಿಸಿದ. ಅವನ ಪಕ್ಕ ಮೈಸೂರಿನ ನಂಜುಂಡಾರಾಧ್ಯರು. ತೆಳ್ಳಗೆ, ಇಸ್ತ್ರಿ ಮಾಡಿದ ಅಂಗಿ, ದಪ್ಪ ಗಾಜಿನ ಕನ್ನಡಕ. "ನಾನು ಭೂಗೋಳದ ಮೇಷ್ಟ್ರು. ಇಡೀ ಸರ್ವಿಸ್ ಥಾರ್ ಮರುಭೂಮಿ ಪಾಠ ಮಾಡಿದೀನಿ. ನೋಡಿರಲಿಲ್ಲ. ರಿಟೈರಾಗಿ ಬಂದಿದೀನಿ" ಎಂದರು.

ಸುವರ್ಣಾಳ ಸರದಿ ಬಂತು. "ನಾ ಬ್ಯಾಡಗಿಯಾಕಿ. ಊಟಕ್ಕ ಹಾಕೂದು ನನ್ನ ಕೆಲಸ. ಇಲ್ಲೆ ಮಾತ್ರ ಯಾರಿಗೂ ಹಾಕೂದಿಲ್ಲ, ಈಗ ಹೇಳೇನಿ."

ಎಲ್ಲರೂ ನಕ್ಕರು. ಅವಳು ನಗಲಿಲ್ಲ. ಡೆರಿಕ್ ನನ್ನನ್ನು ಎತ್ತಿ ತೂಗಿ ನೋಡಿ, "ಎಂತ ಆಂಟಿ ಇದು, ಕುರಿಯನ್ನೇ ತಂದದ್ದಾ?" ಎಂದ. ಎಂದವನೇ ನಾಲ್ಕು ಸಲ ಸೀನಿದ. ನನಗೆ ಸ್ವಲ್ಪ ಸಮಾಧಾನವಾಯಿತು.

ಮರಳಿಗೆ ಕಾಲಿಟ್ಟ ಮೇಲೆ ಬ್ಯಾಡಗಿಯ ಡಾಂಬರು ರಸ್ತೆಯ ಅಭ್ಯಾಸ ಯಾತಕ್ಕೂ ಬರಲಿಲ್ಲ. ಒಂದು ಹೆಜ್ಜೆ ಇಟ್ಟರೆ ಅರ್ಧ ಹೆಜ್ಜೆ ಹಿಂದಕ್ಕೆ ಜಾರುತ್ತಿತ್ತು. ಸುವರ್ಣಾಳ ಬೆನ್ನಿನ ಬೆವರು ಚೀಲ ದಾಟಿ ನನ್ನ ಎಳೆಗೆ ಬಂತು. ಅವಳ ಎದೆ ಬಡಿದುಕೊಳ್ಳುವುದು ನನಗೆ ಮಗ್ಗದ ಸದ್ದಿನ ಹಾಗೆ ಕೇಳುತ್ತಿತ್ತು. ಡೆರಿಕ್ ಮತ್ತು ಉಳಿದವರು ಮುಂದೆ ಹೋದರು. ಒಂಟೆಗಳು ಇನ್ನೂ ಮುಂದೆ. ಹಿಂದೆ ಉಳಿದವರು ಇಬ್ಬರೇ, ಸುವರ್ಣಾ ಮತ್ತು ಆರಾಧ್ಯರು. ದೇಚಮ್ಮ ತಿರುಗಿ ಬಂದು ನೋಡಿ, "ನೀವಿಬ್ಬರೂ ಒಂದು ಜೋಡಿ. ಬಿಟ್ಟು ಹೋಗಬಾರದು" ಎಂದು ಹೇಳಿ ಮುಂದೆ ನಡೆದಳು.

ಆರಾಧ್ಯರಿಗೆ ಕೇಳುವವರು ಸಿಕ್ಕ ಖುಷಿ. "ನೋಡಿ ಸುವರ್ಣಮ್ಮ, ಇಂಥ ಅರ್ಧಚಂದ್ರದ ದಿಬ್ಬಕ್ಕೆ ಬರ್ಖಾನ್ ಅಂತಾರೆ. ಗಾಳಿ ಬರೋ ಕಡೆ ಇಳಿಜಾರು, ಅದರ ಬೆನ್ನಿಗೆ ಕಡಿದು. ಈ ಮರಳು ಎಲ್ಲಿಂದ ಬಂತು ಅಂತೀರಿ..."

"ಮಾಸ್ತರ, ಬಾಯಿ ಮುಚ್ಚಿದ್ರ ಉಸರು ಉಳಿತೈತಿ."

ಅವರು ತಟ್ಟನೆ ಸುಮ್ಮನಾದರು. ಬರಿಯ ಮರಳಿನ ಸದ್ದು. ಅವಳಿಗೆ ಬೇಕಾಗಿದ್ದ ಮೌನ ಸಿಕ್ಕಿತ್ತು, ಆದರೆ ಅವಳು ಎರಡೆರಡು ಸಲ ಹಿಂದಿರುಗಿ ಅವರ ಸಪ್ಪೆ ಮುಖ ನೋಡಿದಳು. ಕೊನೆಗೆ ತಾನೇ, "ಮರಳು ಎಲ್ಲಿಂದ ಬಂತಂತ ಹೇಳಿರಿ?" ಎಂದು ಕೇಳಿದಳು. ಅವರ ಮುಖ ಅರಳಿದ್ದನ್ನು ನಾನೂ ಕಂಡೆ.

ಮಧ್ಯಾಹ್ನ ಒಂದು ಮರದ ಕೆಳಗೆ ಎಲ್ಲರೂ ಕೂತರು. ಸುತ್ತ ಎಷ್ಟು ದೂರ ಕಣ್ಣಾಡಿಸಿದರೂ ಅದೊಂದೇ ಮರ. ಆರಾಧ್ಯರು ಅದರ ಎಲೆಯನ್ನು ಬೆರಳಲ್ಲಿ ಸವರಿ, "ಇದು ನಮ್ಮ ಬನ್ನಿ ಮರಾನೇ ಕಣ್ರೀ" ಎಂದರು. ಸುವರ್ಣಾ ಚಪ್ಪಲಿ ಬಿಡುವವಳ ಹಾಗೆ ಬೂಟು ಕಳಚಿ ಮರಕ್ಕೆ ಕೈ ಮುಗಿದಳು. ನನ್ನನ್ನು ನೆರಳಿನಲ್ಲಿ ಹಾಸಿ, ತಾನು ತಂದಿದ್ದ ಒಣಗಿಸಿದ ಕಟಕ ರೊಟ್ಟಿ, ಶೇಂಗಾ ಚಟ್ನಿಯ ಗಂಟು ಬಿಚ್ಚಿದಳು. ಒಬ್ಬಳಿಗೆ ಸಾಕಾಗುವಷ್ಟು ಮಾತ್ರ ತಂದಿದ್ದಳು.

ಆರಾಧ್ಯರು ನನ್ನ ಇನ್ನೊಂದು ಮೂಲೆಯಲ್ಲಿ ಕೂತು ಊಟದ ಡಬ್ಬಿ ಹುಡುಕತೊಡಗಿದರು. ಡಬ್ಬಿ ಅವರ ಮಂಡಿಯ ಪಕ್ಕದಲ್ಲೇ ಇತ್ತು. ಅವರ ಕೈ ಮರಳನ್ನು ಸವರಿತು, ನನ್ನನ್ನು ಸವರಿತು, ಚೀಲದೊಳಗೆ ಹೋಯಿತು, ಮತ್ತೆ ಹೊರಗೆ ಬಂತು. ಸುವರ್ಣಾ ಅಗಿಯುವುದನ್ನು ನಿಲ್ಲಿಸಿ ನೋಡುತ್ತಿದ್ದಳು. ಏನೂ ಹೇಳದೆ ಡಬ್ಬಿಯನ್ನು ಅವರ ಎದುರಿಗೆ ಸರಿಸಿದಳು. "ಓ, ಇಲ್ಲೇ ಇದೆ" ಎಂದು ಅವರು ನಕ್ಕರು. ಆ ನಗು ಚೆನ್ನಾಗಿರಲಿಲ್ಲ.

ಮತ್ತೆ ಹೊರಟರು. ಗಾಳಿ ಸ್ವಲ್ಪ ಸ್ವಲ್ಪವೇ ಏಳುತ್ತಿತ್ತು. ಮುಂದಿನವರು ಒಂದು ದೊಡ್ಡ ದಿಬ್ಬ ಹತ್ತಿ ಆಚೆ ಇಳಿದು ಮರೆಯಾದರು. ಆರಾಧ್ಯರು ಯಾವುದೋ ಪ್ರಾಣಿ ತೋಡಿದ ಬಿಲಕ್ಕೆ ಕಾಲಿಟ್ಟು ಮುಗ್ಗರಿಸಿ ಬಿದ್ದರು. ಬಿಲ ಏನು ಸಣ್ಣದಾಗಿರಲಿಲ್ಲ. ಸುವರ್ಣಾ ಅವರನ್ನು ಎಬ್ಬಿಸಿ, ಮರಳು ಕೊಡವಿ, ಕನ್ನಡಕ ಒರೆಸಿ ಕೊಟ್ಟಳು. ಆಮೇಲೆ ತನ್ನ ಬಲಗೈಯನ್ನು ಅವರ ಕೆನ್ನೆಯ ಪಕ್ಕದಲ್ಲಿ ಮೆಲ್ಲಗೆ ಆಡಿಸಿದಳು. ಅವರ ರೆಪ್ಪೆ ಅಲುಗಲಿಲ್ಲ.

"ಮಾಸ್ತರ, ನಿಮಗ ಬಾಜೂಕಿಂದು ಕಾಣೂದಿಲ್ಲ."

ಅವರು ಮರಳಿನ ಮೇಲೆ ಹಾಗೇ ಕೂತರು. "ಕೊಳವೆಯಲ್ಲಿ ನೋಡಿದ ಹಾಗೆ ಕಾಣುತ್ತಮ್ಮ. ಎದುರಿಗೆ ಇಷ್ಟೇ ಇಷ್ಟು. ಕಾಲ ಬುಡ ಕಾಣಲ್ಲ, ಪಕ್ಕ ಕಾಣಲ್ಲ. ಸಂಜೆ ಆದ್ರೆ ಅದೂ ಇಲ್ಲ. ವರ್ಷ ವರ್ಷ ಕೊಳವೆ ಸಣ್ಣದಾಗ್ತಿದೆ. ಪೂರ್ತಿ ಮುಚ್ಚೋಕೆ ಮುಂಚೆ ಇದೊಂದು ನೋಡ್ಬಿಡೋಣ ಅಂತ..." ಕನ್ನಡಕ ತೆಗೆದು ಮತ್ತೆ ಹಾಕಿಕೊಂಡರು. "ಹೇಳಿದ್ರೆ ಸೇರಿಸಿಕೊಳ್ತಾ ಇರಲಿಲ್ಲ. ದಯವಿಟ್ಟು ಆಯಮ್ಮನಿಗೆ ಹೇಳಬೇಡಿ."

ಸುವರ್ಣಾಳ ಸಿಟ್ಟು ಉಕ್ಕಿ ಬಂತು. "ನಾ ಇಲ್ಲಿ ಯಾಕ ಬಂದೀನಿ ಗೊತ್ತೇನ್ರಿ? ಹನ್ನೆರಡು ದಿನ ಯಾರನ್ನೂ ನೋಡಿಕೊಳ್ಳಬಾರದು ಅಂತ ಬಂದೀನಿ. ಹುಟ್ಟಿದಾಗಿಂದ ಅದ ಆತು ನಂದು. ಇಲ್ಲಿಗೆ ಬಂದ್ರೂ ನನ್ನ ಕೊರಳಿಗೆ ಒಬ್ಬಾಂವ!"

ಅಷ್ಟು ಹೇಳಿ ದಡದಡ ಮುಂದೆ ನಡೆದುಬಿಟ್ಟಳು. ಅವಳ ಉಸಿರು ಬೆಂಕಿಯ ಹಾಗಿತ್ತು. ನಾನು ಬೆನ್ನ ಮೇಲೆ ಹಿಂದಕ್ಕೆ ಮುಖ ಮಾಡಿ ಇದ್ದವನು, ಹಾಗಾಗಿ ನನಗೆ ಕಾಣುತ್ತಿತ್ತು. ಆರಾಧ್ಯರು ಎದ್ದು, ಬಟ್ಟೆ ಕೊಡವಿಕೊಂಡು, ಗಂಭೀರವಾಗಿ ನಡೆಯತೊಡಗಿದರು. ಆದರೆ ನಾವು ಹೋಗುತ್ತಿದ್ದ ಕಡೆಗಲ್ಲ. ದಿಬ್ಬದ ಅಂಚು ಹಿಡಿದು, ಬೇರೆಯೇ ದಿಕ್ಕಿಗೆ. ಅವರನ್ನು ಕೂಗಲು ನನಗೆ ಬಾಯಿಲ್ಲ. ಆ ದಿನದಷ್ಟು ಅದರ ಕೊರತೆ ನನಗೆ ಯಾವತ್ತೂ ಆಗಿಲ್ಲ.

ಸುವರ್ಣಾ ತಾನಾಗಿಯೇ ತಿರುಗಿದಳು. "ಅಯ್ಯ ಶಿವನ! ಮಾಸ್ತರ! ಅತ್ಲಾಗೆಲ್ಲಿ ಹೊಂಟ್ರಿ?" ಎಂದು ಖಾನಾವಳಿಯ ದನಿಯಲ್ಲಿ ಕೂಗಿದಳು. ಆ ದನಿಗೆ ಮಾರುಕಟ್ಟೆಯ ಹಮಾಲರೇ ನಿಂತುಬಿಡುತ್ತಿದ್ದರು. ಅವರೂ ನಿಂತರು. ಅವಳು ಓಡಿ ಹೋಗಿ, ನನ್ನನ್ನು ಬಿಚ್ಚಿ, ಉದ್ದಕ್ಕೆ ಹಗ್ಗದ ಹಾಗೆ ಹೊಸೆದು, ಒಂದು ತುದಿಯನ್ನು ಅವರ ಕೈಗೆ ಕೊಟ್ಟಳು. ಇನ್ನೊಂದು ತುದಿಯನ್ನು ತನ್ನ ಸೊಂಟಕ್ಕೆ ಸುತ್ತಿಕೊಂಡಳು.

"ಕೈ ಹಿಡೀಬಹುದಿತ್ತು" ಎಂದರು ಆರಾಧ್ಯರು, ಸಂಕೋಚದಿಂದ.

"ಕೈ ಹಿಡಿಯಾಕ ನಾ ನಿಮ್ಮ ಹೇಣ್ತಿ ಅಲ್ಲ. ಇದನ್ನ ಹಿಡೀರಿ. ನಾ ಎಳದಂಗ ಬರ್ರಿ."

ಅಲ್ಲಿಂದ ಮುಂದೆ ನಾನು ಇಬ್ಬರ ನಡುವೆ ತೂಗಾಡುತ್ತ ನಡೆದೆ. ಇವಳು ಹತ್ತಿದರೆ ನಾನು ಬಿಗಿಯಾಗುತ್ತಿದ್ದೆ, ಅವರು ಹತ್ತುತ್ತಿದ್ದರು. ಇವಳು ಇಳಿದರೆ ಸಡಿಲವಾಗುತ್ತಿದ್ದೆ, ಅವರು ತಡೆದು ನಿಲ್ಲುತ್ತಿದ್ದರು. ಸ್ವಲ್ಪ ಹೊತ್ತಿನಲ್ಲೇ ಅವರಿಗೆ ನನ್ನ ಭಾಷೆ ಬಂತು. "ಬಿಲ ಐತ್ರಿ", "ಮುಳ್ಳು ಐತ್ರಿ" ಎಂದು ಹೇಳುವುದನ್ನು ಅವಳು ಬಿಟ್ಟಳು, ಸುಮ್ಮನೆ ಎಡಕ್ಕೋ ಬಲಕ್ಕೋ ಜಗ್ಗಿದರೆ ಸಾಕಾಗುತ್ತಿತ್ತು.

ಆಗಲೇ ಗಾಳಿ ಜೋರಾದದ್ದು. ಬಿರುಗಾಳಿ ಎನ್ನುವಂಥದ್ದಲ್ಲ, ಆದರೆ ಮರಳು ನೆಲ ಬಿಟ್ಟು ಮೊಣಕಾಲೆತ್ತರಕ್ಕೆ, ಸೊಂಟದೆತ್ತರಕ್ಕೆ, ಕೊನೆಗೆ ಮುಖಕ್ಕೆ ಬಂತು. ಇಬ್ಬರೂ ಗಾಳಿಗೆ ಬೆನ್ನು ಹಾಕಿ ಕೂತರು. ಸುವರ್ಣಾ ನನ್ನನ್ನು ಇಬ್ಬರ ತಲೆಯ ಮೇಲೂ ಎಳೆದು ಅಂಚುಗಳನ್ನು ಮಂಡಿಯ ಕೆಳಗೆ ಒತ್ತಿಕೊಂಡಳು. ಮರಳು ನನ್ನ ಬೆನ್ನಿಗೆ ಮಳೆಯ ಹಾಗೆ ಹೊಡೆಯಿತು. ಒಂದು ಕಾಳನ್ನೂ ಒಳಗೆ ಬಿಡಲಿಲ್ಲ ನಾನು. ಒಳಗೆ ಆರಾಧ್ಯರು ಸೀನುತ್ತಲೇ ಇದ್ದರು.

"ಏನಮ್ಮ ಇದು, ಮರಳಿಗಿಂತ ನಿಮ್ಮ ಕಂಬಳೀನೇ ಕೊಲ್ಲುತ್ತೆ!"

ಸುವರ್ಣಾ ನಕ್ಕಳು. ಊರು ಬಿಟ್ಟ ಮೇಲೆ ಅವಳು ನಕ್ಕಿದ್ದು ಅದೇ ಮೊದಲು. ಆ ಕತ್ತಲೆಯಲ್ಲಿ ಅವಳು ರೊಟ್ಟಿಯ ಗಂಟು ಬಿಚ್ಚಿ, ಉಳಿದಿದ್ದ ಒಂದನ್ನು ಮುರಿದು ಅರ್ಧ ಅವರ ಕೈಗಿಟ್ಟಳು. ಅವರು ಕೇಳಿರಲಿಲ್ಲ. ಯಾರೂ ಕೇಳದೆ ಅವಳು ಯಾರಿಗಾದರೂ ಕೊಟ್ಟಿದ್ದನ್ನು ನಾನು ಆವರೆಗೆ ಕಂಡಿರಲಿಲ್ಲ, ಕೇಳುವವರು ಅದಕ್ಕೆ ಪುರುಸೊತ್ತು ಕೊಟ್ಟಿದ್ದರೆ ತಾನೆ?

ಗಾಳಿ ನಿಂತಾಗ ಅವಳು ನನ್ನನ್ನು ಸರಿಸಿ ಎದ್ದು ನಿಂತಳು. ಮುಂದಿನವರ ಹೆಜ್ಜೆ ಗುರುತು ಒಂದೂ ಇಲ್ಲ. ನೆಲ ತೊಳೆದಿಟ್ಟ ತಟ್ಟೆಯ ಹಾಗಿತ್ತು. ಆಕಾಶಕ್ಕೆ ಧೂಳು ಕವಿದು ಸೂರ್ಯ ಎಲ್ಲಿದ್ದಾನೆ ಎಂದೂ ತಿಳಿಯದು. ಯಾವ ಕಡೆ ತಿರುಗಿದರೂ ಒಂದೇ ತರಹದ ದಿಬ್ಬಗಳು.

"ಮಾಸ್ತರ," ಎಂದಳು. ದನಿ ಸಣ್ಣದಾಗಿತ್ತು. "ದಾರಿ ಅಳಿಸಿ ಹೋಗೇತ್ರಿ."

"ಗಾಬರಿ ಆಗಬೇಡಿ. ನಾನು ಕೇಳಿದ್ದನ್ನ ನೋಡಿ ಹೇಳಿ" ಎಂದರು ಆರಾಧ್ಯರು. ಆ ದನಿ ಬೇರೆಯಾಗಿತ್ತು. ಕರಿಹಲಗೆಯ ಮುಂದೆ ನಿಂತ ಮನುಷ್ಯನ ದನಿ. "ಹತ್ತಿರದಲ್ಲಿರೋ ದೊಡ್ಡ ದಿಬ್ಬ ನೋಡಿ. ಕಡಿದಾಗಿ ಬಿದ್ದಿರೋ ಬದಿ ಯಾವುದು?"

"ನನ್ನ ಎದುರಿಗೆ ಐತ್ರಿ."

"ಬೇರೆ ದಿಬ್ಬಗಳು?"

ಅವಳು ಸುತ್ತಲೂ ನೋಡಿದಳು. "ಅವಕ್ಕೂ ಅದ ಬದಿ ಕಡಿದು ಐತಿ. ಎಲ್ಲಾ ಒಂದ ಕಡೆ ಮಾರಿ ಮಾಡ್ಯಾವ!"

"ಇಲ್ಲಿ ವರ್ಷದಲ್ಲಿ ಜೋರು ಗಾಳಿ ಬರೋದು ನೈಋತ್ಯದಿಂದ. ಹಾಗಾಗಿ ಕಡಿದಾದ ಬದಿ ಈಶಾನ್ಯಕ್ಕಿರುತ್ತೆ. ಅದು ನೋಡ್ತಾ ಇರೋ ದಿಕ್ಕಿಗೆ ನಾವು ಬೆನ್ನು ಹಾಕಬೇಕು, ಆಮೇಲೆ ಸ್ವಲ್ಪ ಬಲಕ್ಕೆ. ಅದು ಪಡುವಣ. ಬೆಳಿಗ್ಗೆ ಆಯಮ್ಮ ಪಡುವಣ ಅಂತಾನೇ ಅಂದಿದ್ದು. ನಡೀರಿ."

ಅವಳು ಒಂದು ಗಳಿಗೆ ಅನುಮಾನಿಸಿದಳು. ಆಮೇಲೆ ನನ್ನನ್ನು ಮತ್ತೆ ಸೊಂಟಕ್ಕೆ ಸುತ್ತಿಕೊಂಡು ನಡೆದಳು. ಪ್ರತಿ ದಿಬ್ಬದ ಹತ್ತಿರವೂ ಅವರು ಕೇಳುವರು, ಇವಳು ಹೇಳುವಳು. ಎಷ್ಟು ದಿಬ್ಬ ಹತ್ತಿ ಇಳಿದೆವೋ ನಾನು ಎಣಿಸಲಿಲ್ಲ. ಕೊನೆಗೆ ಧೂಳು ತೆಳುವಾಗಿ ಎದುರಿಗೇ ಸ್ವಲ್ಪ ಎಡಕ್ಕೆ ಮಸುಕು ಸೂರ್ಯ ಕಂಡ. "ಸೂರ್ಯ ಅದಾನ್ರಿ ಮಾಸ್ತರ! ನೀವು ಹೇಳಿದ ಕಡೇಕ ಅದಾನ!" ಎಂದು ಅವಳು ಕೂಗಿ ಜಗ್ಗಿದ ರಭಸಕ್ಕೆ ನನ್ನ ಅಂಚಿನ ಒಂದೆರಡು ಎಳೆ ಕಿತ್ತು ಬಂದವು. ಅದೇ ಹೊತ್ತಿಗೆ ದೂರದಿಂದ ಸೀಟಿ ಕೇಳಿತು. ಡೆರಿಕ್ ದಿಬ್ಬದ ನೆತ್ತಿಯ ಮೇಲೆ ನಿಂತು ಎರಡೂ ಕೈ ಬೀಸುತ್ತಿದ್ದ. ಬಳಿಗೆ ಓಡಿ ಬಂದವನ ಕಣ್ಣು ತುಂಬಿತ್ತು. "ಎಂತ ಮಾರಾಯ್ರೆ, ಜೀವ ಹೋಯ್ತು ನಮ್ಮದು!"

ಬಿಡಾರದಲ್ಲಿ ಜೀಪು ನಿಂತಿತ್ತು. ದೇಚಮ್ಮ ಅದಕ್ಕೆ ಒರಗಿ ನಿಂತಿದ್ದಳು. ನಮ್ಮನ್ನು ಕಂಡು ಅವಳ ಭುಜ ಇಳಿಯಿತು, ಕೂಡಲೇ ಮುಖ ಬಿಗಿಯಿತು. ಇಬ್ಬರ ನಡುವೆ ತೂಗುತ್ತಿದ್ದ ನನ್ನನ್ನು ನೋಡಿ, "ಇದೇನು?" ಎಂದು ಕೇಳಿದಳು.

ಆರಾಧ್ಯರು ತಲೆ ತಗ್ಗಿಸಿದರು. ಸುವರ್ಣಾ ಮೆಲ್ಲಗೆ, "ಮಾಸ್ತರ, ನೀವ ಹೇಳ್ತೀರೋ, ನಾ ಹೇಳ್ಲೋ?" ಎಂದಳು.

ಅವರೇ ಹೇಳಿದರು. ಮುಚ್ಚುಮರೆ ಇಲ್ಲದೆ, ಎಲ್ಲರ ಎದುರಿಗೆ ಹೇಳಿದರು. ದೇಚಮ್ಮ ಪೂರ್ತಿ ಕೇಳಿಸಿಕೊಂಡು, "ನೀವು ಸುಳ್ಳು ಹೇಳಿ ಬಂದಿದ್ದೀರಿ ಸರ್. ನೀವು ಬಿದ್ದು ಕಾಲು ಮುರಿದುಕೊಂಡಿದ್ದರೆ ಇಷ್ಟೂ ಜನ ನಿಲ್ಲಬೇಕಾಗ್ತಿತ್ತು. ಇವರೂ ನಿಮ್ಮ ಜೊತೆ ಕಳೆದುಹೋಗ್ತಿದ್ದರು. ಜೀಪು ಹತ್ತಿ" ಎಂದಳು.

"ನೀವು ಹೇಳೋದು ಸರಿ" ಎಂದರು ಆರಾಧ್ಯರು. ನನ್ನ ತುದಿಯನ್ನು ಕೈಯಿಂದ ಬಿಟ್ಟು ಜೀಪಿನ ಕಡೆ ಹೆಜ್ಜೆ ಹಾಕಿದರು. ಕತ್ತಲಾಗುತ್ತಿತ್ತು. ಜೀಪು ಎಲ್ಲಿದೆ ಎಂದು ಅವರಿಗೆ ಕಾಣಲಿಲ್ಲ. ಕೈ ಮುಂದೆ ಚಾಚಿ ನಿಂತುಬಿಟ್ಟರು.

"ನಿಲ್ರಿ" ಎಂದಳು ಸುವರ್ಣಾ. "ಮೇಡಂ, ಅವರು ಹೇಳದ ಬಂದಿದ್ದು ತಪ್ಪು. ನಾ ಅವರನ್ನ ಬಿಟ್ಟು ನಾಕು ಹೆಜ್ಜಿ ಹೋಗಿದ್ದೆ, ಅದೂ ತಪ್ಪ. ಆದ್ರ ದಾರಿ ತಪ್ಪಿದಾಗ ನನ್ನ ಕರಕೊಂಡು ಬಂದವರು ಅವರು. ನನಗ ಕಣ್ಣಿದ್ವು, ಒಂದೂ ತಿಳೀಲಿಲ್ಲ."

"ಸುವರ್ಣಮ್ಮಾ, ಇನ್ನೂ ಹನ್ನೊಂದು ದಿನ ಇದೆ. ಅಷ್ಟೂ ದಿನ ನೀವು ಅವರನ್ನ ಎಳೀತೀರಾ? ಯಾರಿಗೂ ಮಾಡಲ್ಲ ಅಂತ ಬೆಳಿಗ್ಗೆ ನೀವೇ ಹೇಳಿದ್ರಿ."

"ಹೇಳಿದ್ದೆ. ಊರಾಗ ಎಲ್ಲಾರೂ ಕೇಳ್ತಾರ, ಕೊಡ್ತೀನಿ. ಇಲ್ಲೆ ಇವರು ಕೇಳಲಿಲ್ಲ. ನಂಗ ಕೊಡಬೇಕನಿಸೇತಿ. ಅದು ಬ್ಯಾರೆ."

ಡೆರಿಕ್ ಕೆಮ್ಮಿ, "ಅರ್ಧ ದಿನ ನಾನು ಹಿಡೀತೇನೆ. ಸೀನು ಬಂದ್ರೂ ಪರವಾಗಿಲ್ಲ" ಎಂದ. ಇನ್ನಿಬ್ಬರು ತಾವೂ ಎಂದರು.

ದೇಚಮ್ಮ ಸುವರ್ಣಾಳ ಸೊಂಟದಿಂದ ನನ್ನನ್ನು ಬಿಚ್ಚಿ ತನ್ನ ಸೊಂಟಕ್ಕೆ ಸುತ್ತಿಕೊಂಡು, ಇನ್ನೊಂದು ತುದಿಯನ್ನು ಆರಾಧ್ಯರ ಕೈಗೆ ಕೊಟ್ಟಳು. "ಬನ್ನಿ ಸರ್." ಬಿಡಾರದ ಪಕ್ಕದ ದಿಬ್ಬವನ್ನು ಹತ್ತಿಸಿದಳು, ಕಡಿದಾದ ಬದಿಯಲ್ಲಿ ಇಳಿಸಿದಳು, ಮುಳ್ಳುಪೊದೆಗಳ ನಡುವೆ ಸುತ್ತಿಸಿದಳು. ಒಂದು ಮಾತೂ ಆಡಲಿಲ್ಲ, ಕೆಲವೆಡೆ ಬೇಕೆಂದೇ ವೇಗವಾಗಿ ನಡೆದಳು. ನಾನು ಇದ್ದ ಶಕ್ತಿಯನ್ನೆಲ್ಲ ಹಾಕಿ ಸರಿಯಾಗಿ ಸುದ್ದಿ ಮುಟ್ಟಿಸಿದೆ. ಅವರು ಒಂದು ಕಡೆ ತಡವರಿಸಿದರು, ಬೀಳಲಿಲ್ಲ.

ತಿರುಗಿ ಬಂದ ಮೇಲೆ ದೇಚಮ್ಮ ಜೀಪಿನವನಿಗೆ ಹೋಗು ಎಂದು ಕೈ ಬೀಸಿದಳು. ಆರಾಧ್ಯರ ಕಡೆ ತಿರುಗಿ, "ದಿನಾ ಬೆಳಿಗ್ಗೆ ನಾನೇ ನೋಡಿ ತೀರ್ಮಾನ ಮಾಡ್ತೀನಿ. ಬೇಡ ಅಂದ ದಿನ ಒಂಟೆ ಮೇಲೆ ಕೂರಬೇಕು. ವಾದ ಮಾಡೋ ಹಾಗಿಲ್ಲ" ಎಂದಳು. ಅವರು ನನ್ನ ತುದಿಯನ್ನೇ ಕಣ್ಣಿಗೆ ಒತ್ತಿಕೊಂಡರು. ಮೆಣಸಿನಕಾಯಿಯ ಘಾಟಿಗೆ ಕಣ್ಣೀರು ಇನ್ನೂ ಹೆಚ್ಚಾಯಿತು. ಎಲ್ಲರೂ ನಕ್ಕರು, ಅವರೂ ನಕ್ಕರು.

ಒಂಟೆಯವರು ಬೇಳೆ ಬೇಯಿಸಿ, ಕೆಂಡದಲ್ಲಿ ಸಜ್ಜೆಯ ರೊಟ್ಟಿ ಸುಟ್ಟಿದ್ದರು. ಸುವರ್ಣಾ ಅಭ್ಯಾಸ ಬಲದಿಂದ ಎದ್ದು ಸೌಟಿಗೆ ಕೈ ಹಾಕಿದಳು. ದೇಚಮ್ಮ ಸೌಟು ಕಿತ್ತುಕೊಂಡು, "ಕೂತ್ಕೊಳ್ಳಿ. ನಾವು ಬಡಿಸ್ತೀವಿ" ಎಂದಳು. ಸುವರ್ಣಾ ನನ್ನ ಮೇಲೆ ಚಕ್ಕಂಬಕ್ಕಳ ಹಾಕಿ ಕೂತಳು. ಒಬ್ಬರು ತಟ್ಟೆ ತಂದರು, ಒಬ್ಬರು ಬೇಳೆ ಹಾಕಿದರು. ಡೆರಿಕ್ ಬಗ್ಗಿ, "ಇನ್ನೊಂದು ರೊಟ್ಟಿ ಆಂಟಿ?" ಎಂದು ಕೇಳಿದ. ಅವಳು ಸ್ವಲ್ಪ ಹೊತ್ತು ಅವನ ಮುಖವನ್ನೇ ನೋಡಿದಳು. ಆಮೇಲೆ, "ಹಾಕಪ್ಪ" ಎಂದಳು.

ಉಳಿದ ಹನ್ನೊಂದು ದಿನಗಳ ಕತೆ ದೊಡ್ಡದು. ಆರಾಧ್ಯರು ಎರಡು ದಿನ ಒಂಟೆಯ ಮೇಲೆ ಕೂತರು, ಉಳಿದ ದಿನ ನಡೆದರು. ನನ್ನ ಇನ್ನೊಂದು ತುದಿ ಹಿಡಿಯಲು ಬೆಳಿಗ್ಗೆ ಪಾಳಿ ಹಚ್ಚುತ್ತಿದ್ದರು. ಹಿಡಿದವರಿಗೆ ಪಾಠ ಉಚಿತ. ಮೊದಲನೆಯ ದಿನ ಗುರುತಿಲ್ಲದವರಾಗಿ ಹೊರಟವರು ಜೋಧಪುರದ ರೈಲು ನಿಲ್ದಾಣದಲ್ಲಿ ಒಬ್ಬರನ್ನೊಬ್ಬರು ಬಿಡಲಾರದೆ ನಿಂತರು. ಗಾಡಿ ಎರಡು ಸಲ ಕೂಗಿತು.

ಆಮೇಲೆ ಎಷ್ಟೋ ಸುಗ್ಗಿ ಬಂದು ಹೋದವು. ನನಗೂ ವಯಸ್ಸಾಯಿತು. ಗಂಜಿಯ ಬಿರುಸು ಹೋಗಿ ಮೈ ಮೆತ್ತಗಾಯಿತು, ಮುಳ್ಳಿಗೆ ಸಿಕ್ಕ ಕಡೆ ತೂತು ಬಿದ್ದವು. ಸುವರ್ಣಾ ಈಗ ವರ್ಷಕ್ಕೊಮ್ಮೆ ಎಲ್ಲಿಗಾದರೂ ನಡೆಯಲು ಹೋಗುತ್ತಾಳೆ. ನನ್ನನ್ನು ಒಯ್ಯುವುದಿಲ್ಲ, ನಾನು ಭಾರ. ಆ ದಿನಗಳಲ್ಲಿ ಸೋಮಣ್ಣ ಒಲೆ ನೋಡಿಕೊಳ್ಳುತ್ತಾನೆ. ಅವನ ರೊಟ್ಟಿ ದುಂಡಗಾಗಲು ಮೂರು ವರ್ಷ ಹಿಡಿಯಿತು.

ಕಳೆದ ವರ್ಷ ಆರಾಧ್ಯರು ಮಗಳ ಜೊತೆ ಬ್ಯಾಡಗಿಗೆ ಬಂದರು. ಕೊಳವೆ ಪೂರ್ತಿ ಮುಚ್ಚಿಹೋಗಿತ್ತು. ಬೆಂಚಿನ ಮೇಲೆ ಕೂತು ಕೈಯಾಡಿಸುತ್ತಿದ್ದವರಿಗೆ ನಾನು ಸಿಕ್ಕೆ. ಮಾತು ನಿಲ್ಲಿಸಿ ನನ್ನನ್ನು ತೊಡೆಯ ಮೇಲೆ ಎಳೆದುಕೊಂಡರು. ಊಟ ಮುಗಿಯುವವರೆಗೂ ಬಿಡಲಿಲ್ಲ. ಹೊರಡುವ ಹೊತ್ತಿಗೆ ಸುವರ್ಣಾ ನನ್ನನ್ನು ಕೈಗೆ ತೆಗೆದುಕೊಂಡು ಬಹಳ ಹೊತ್ತು ನಿಂತಳು. ಕೊಡಲೂ ಮನಸ್ಸಿಲ್ಲ, ಇಟ್ಟುಕೊಳ್ಳಲೂ ಮನಸ್ಸಿಲ್ಲ. ಆಮೇಲೆ ಕತ್ತರಿ ತಂದು, ನನ್ನನ್ನು ನಡುವಿಗೆ ಸರಿಯಾಗಿ ಮಡಚಿ, ಕತ್ತರಿಸಿಬಿಟ್ಟಳು. ಮೆಣಸಿನಕಾಯಿ ಚೀಲ ಹೊಲಿಯುವ ದಬ್ಬಣದಲ್ಲಿ ಎರಡೂ ತುಂಡಿನ ಅಂಚು ಹೊಲಿದಳು. ನೋವಾಯಿತೇ ಎಂದು ಕೇಳಿದರೆ, ಹೌದು, ಆಯಿತು. ನೇಯ್ಗೆ ಒಂದೇ ಆಗಿತ್ತಲ್ಲ. ಆದರೆ ಅವಳು ಒಂದೊಂದು ಹೊಲಿಗೆಯನ್ನೂ ಎರಡೆರಡು ಸಲ ಹಾಕುತ್ತಿದ್ದಳು, ಅದನ್ನು ನೋಡಿ ನನ್ನ ನೋವು ಮರೆತೆ.

ಈಗ ನನ್ನ ಅರ್ಧ ಮೈಸೂರಿನಲ್ಲಿ ಒಂದು ಆರಾಮ ಕುರ್ಚಿಯ ಮೇಲಿದೆ. ಅರ್ಧ ಇಲ್ಲಿ, ಖಾನಾವಳಿಯ ಹಿಂದಿನ ಪಡಸಾಲೆಯಲ್ಲಿದೆ. ಬಿಸಿಲು ಇಳಿದ ಮೇಲೆ ಸುವರ್ಣಾ ಬಂದು ನನ್ನ ಮೇಲೆ ಕಾಲು ಚಾಚಿ ಕೂತು ಫೋನು ಮಾಡುತ್ತಾಳೆ. ನಿನ್ನೆಯೂ ಮಾಡಿದಳು. ಮಳೆ, ಮೊಣಕಾಲು, ಡೆರಿಕನ ಎರಡನೇ ಕೂಸು, ಎಲ್ಲ ಮಾತಾದ ಮೇಲೆ, "ಅಂವಾ ಹೆಂಗದಾನ್ರಿ ಮಾಸ್ತರ?" ಎಂದು ಕೇಳಿದಳು. ಅವಳು ಕೇಳಿದ್ದು ನನ್ನ ಆ ಅರ್ಧದ ಸಮಾಚಾರ.

ಆಚೆಯಿಂದ ಒಂದು ಸೀನು ಕೇಳಿಸಿತು. "ಬೆಚ್ಚಗಿದಾನೆ ಕಣಮ್ಮ" ಎಂದರು.

ಸುವರ್ಣಾ ಫೋನು ಕೆಳಗಿಟ್ಟು ನನ್ನ ಹೊಲಿದ ಅಂಚನ್ನು ಬೆರಳಲ್ಲಿ ಸವರಿದಳು. ನಾನೂ ಬೆಚ್ಚಗೇ ಇದ್ದೆ.